ಗಾಳಿಗೆ ಬಂದ ತಲೆನೋವು

ನವೆಂಬರ್ ೩, ಭಾನುವಾರ

ಮೂರು ದಿನದಿಂದ ಲೋದೋಸ್, ತೆಂಕಣದ ಬಿರುಗಾಳಿ, ಬೀಸುತ್ತಿದೆ. ಆಚೆ ದಡದ ಎರ್ದೆಕ್‌ನಿಂದ ಹಡಗು ಬಂದಿಲ್ಲ. ಅಂಗಡಿಯಲ್ಲಿ ಹಾಲಿಲ್ಲ, ಪತ್ರಿಕೆಯಿಲ್ಲ. ತಲೆನೋವು: ಬಲಗಣ್ಣಿನ ಹಿಂದೆ ಹುಟ್ಟಿ ಕತ್ತಿನವರೆಗೆ ಇಳಿಯುತ್ತದೆ.

ಇದನ್ನೆಲ್ಲ ಬರೆದಿಡಬೇಕೆಂದು ಆರೋಗ್ಯ ಕೇಂದ್ರದ ಹೊಸ ಡಾಕ್ಟರ್ ಹೇಳಿದಳು. ಬರೆಯುತ್ತೇನೆ. ಅವಳಿಗೆ ತೋರಿಸುವುದಿಲ್ಲ.

"ಬೆಹ್ಚೆತ್ ಕಾಯಿಲೆ ಇರೋರಿಗೆ ತಲೆನೋವು ಹೊಸದಲ್ಲ ಹೋಜಾ," ಎಂದಳು. "ಹೆಚ್ಚಿನವರಿಗೆ ಬರೀ ಮೈಗ್ರೇನು. ಆದ್ರೆ ಕೆಲವರಲ್ಲಿ ರಕ್ತನಾಳದ ಉರಿ ಮೆದುಳಿಗೂ ಹತ್ತತ್ತೆ. ನಾಲಿಗೆ ದಪ್ಪ ಆದ್ರೆ, ಕಾಲು ತಪ್ಪಿದ್ರೆ, ಒಂದು ಎರಡಾಗಿ ಕಂಡ್ರೆ, ಸ್ವಭಾವ ಬದಲಾಯ್ತು ಅಂತ ಮನೆಯವರು ಹೇಳಿದ್ರೆ, ಕಾಯಬೇಡಿ. ಸೀದಾ ಬುರ್ಸಾದ ದೊಡ್ಡಾಸ್ಪತ್ರೆಗೆ ಹೋಗಿ."

"ಹಡಗೇ ಇಲ್ವಲ್ಲಮ್ಮ."

"ಇರೋ ದಿನ ಹೋಗಿ."

ಕಡಲಿಲ್ಲದ ಅಂಕಾರಾದವಳು. ಗಾಳಿಯೆಂದರೆ ಕಿಟಕಿ ಬಡಿಯುವುದು ಎಂದಷ್ಟೇ ತಿಳಿದಿದ್ದಾಳೆ. ಲೋದೋಸ್ ಬೀಸಿದಾಗ ಈ ದ್ವೀಪದಲ್ಲಿ ಬೆಕ್ಕಿಗೂ ತಲೆ ನೋಯುತ್ತದೆ.

ಈ ಕಾಯಿಲೆಯ ಜೊತೆ ನನ್ನದು ಇಪ್ಪತ್ತು ವರ್ಷದ ಸಂಸಾರ. ಬಾಯಿಹುಣ್ಣು, ಎಡಗಣ್ಣಿನ ಮಂಜು, ಸೂಜಿ ಚುಚ್ಚಿದಲ್ಲೆಲ್ಲ ಮರುದಿನ ಏಳುವ ಕೀವುಗುಳ್ಳೆ. ನಮ್ಮ ದೇಶದವನೇ ಒಬ್ಬ ವೈದ್ಯ ಹೆಸರು ಕೊಟ್ಟುಹೋದದ್ದು. ಪರದೇಶದಿಂದ ಬಂತೆಂದು ದೂರುವಂತೆಯೂ ಇಲ್ಲ. ಅದು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಮಸೀದಿಯಲ್ಲಿ ಬಾಂಗು ಕೂಗುವ ಮುಅಜ್ಜಿನ್ ನಾನು; ನನ್ನ ದನಿಗೆ ಅದು ಎಂದೂ ಕೈ ಹಾಕಿಲ್ಲ.

ನವೆಂಬರ್ ೫, ಮಂಗಳವಾರ

ಗಾಳಿ ನಿಂತಿಲ್ಲ. ಹೆಂಡತಿ ನಾಜಿಫೆ ತಲೆನೋವಿಗೆಂದು ಆಲೂಗಡ್ಡೆ ಬಿಲ್ಲೆಗಳನ್ನು ನನ್ನ ಹಣೆಗೆ ಹಚ್ಚಿ ತನ್ನ ತಲೆವಸ್ತ್ರದಿಂದ ಬಿಗಿದಳು. ಅದರೊಂದಿಗೇ ರುಶ್ತುವಿನ ಕಾಫಿಮನೆಗೆ ಹೋದೆ. ಅಲ್ಲಿ ಇನ್ನೂ ಮೂವರು ಹಣೆಗೆ ಆಲೂಗಡ್ಡೆ ಕಟ್ಟಿಕೊಂಡು ಇಸ್ಪೀಟು ಆಡುತ್ತಿದ್ದರು.

"ಬಾ ಹೋಜಾ," ಎಂದ ರುಶ್ತು. "ನಿನ್ನದೂ ಸೇರಿದ್ರೆ ಮಧ್ಯಾಹ್ನದ ಪಲ್ಯಕ್ಕಾಯ್ತು."

ಅವನ ಅಣ್ಣ ಹಿಲ್ಮಿ ಒಲೆಯ ಪಕ್ಕ ಕಂಬಳಿ ಹೊದ್ದು ಕುಳಿತಿದ್ದ. ಈ ಚಳಿಗಾಲ ದಾಟುವಂತೆ ಕಾಣಲಿಲ್ಲ.

ಬೇಕರಿಯ ನಾಯಿ ಪಾಷಾ ಈ ಬೆಳಿಗ್ಗೆಯೂ ನನ್ನ ಬಾಂಗಿನ ಜೊತೆ ಊಳಿಟ್ಟಿತು. ಆ ನಾಯಿ ಬೇರೆ ಯಾರು ಕೂಗಿದರೂ ಕತ್ತು ಎತ್ತುವುದಿಲ್ಲ. ನಾನು ಬೇರೆ ಊರಿಗೆ ಹೋದ ವಾರಗಳಲ್ಲಿ ಇಮಾಮ್ ತಾಲಿಪ್ ಹೋಜಾ ಕೂಗಿದರೆ ಅದು ನಿದ್ದೆ ಮಾಡುತ್ತದೆ. ಇದನ್ನು ಹೊಗಳಿಕೆಯೆಂದು ಹೊರಗೆ ಹೇಳಿಕೊಳ್ಳುವಂತಿಲ್ಲ. ಇಲ್ಲಿ ಬರೆಯಬಹುದು.

ನವೆಂಬರ್ ೮, ಶುಕ್ರವಾರ

ಗಾಳಿ ನಿಂತಿತು. ಹಡಗು ಬಂತು, ಹೋಯಿತು. ನಾಜಿಫೆ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು: ಎರಡು ಪೈಜಾಮ, ಚಪ್ಪಲಿ, ಹಳೆಯ ಆಸ್ಪತ್ರೆ ಕಾಗದಗಳು.

"ಇವತ್ತು ಪ್ರವಾದಿಯವರು ಹುಟ್ಟಿದ ರಾತ್ರಿ," ಎಂದೆ. "ಮೌಲಿದ್ ಪದ್ಯ ಯಾರು ಓದ್ತಾರೆ? ತಾಲಿಪಾ? ಅವನು ಬಾಯಿ ತೆಗೆದ್ರೆ ಹಳೇ ಗೇಟು ತೆಗೆದ ಹಾಗಿರತ್ತೆ."

"ಗೇಟಾದ್ರೂ ತೆರೀತದೆ, ಮುಚ್ತದೆ. ನೀನು ಎರಡೂ ಮಾಡಲ್ಲ."

ಓದಿದೆ. ಚೆನ್ನಾಗಿ ಆಯಿತು. ಮೇಲಂತಸ್ತಿನಲ್ಲಿ ಹೆಂಗಸರು ಅತ್ತರು. ನಡುವೆ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧ್ವನಿವರ್ಧಕ ಹಳೆಯದು, ಮಾತನ್ನು ಅಗಿದು ಉಗುಳುತ್ತದೆ. ಮುಗಿದ ಮೇಲೆ ತಾಲಿಪ್ ಗುಲಾಬಿನೀರು ಹಂಚುತ್ತ ಬಂದು, "ಸುಸ್ತಾಗಿದೆಯಾ ಹೋಜಾ?" ಎಂದು ಕೇಳಿದ. ಅವನಿಗೆ ನನ್ನ ಜಾಗ ಬೇಕು. ಇದು ಹೊಸ ವಿಷಯವಲ್ಲ.

ಆಚೆ ದಡದ ಊರುಗಳಲ್ಲಿ ಈಗ ಮುಅಜ್ಜಿನ್‌ಗಳೇ ಇಲ್ಲ. ಒಬ್ಬ ಎಲ್ಲೋ ಕುಳಿತು ಕೂಗಿದರೆ ಸುತ್ತಲಿನ ಎಲ್ಲ ಮಿನಾರುಗಳಲ್ಲಿ ತಂತಿಯ ಮೂಲಕ ಅದೇ ದನಿ. ನಮ್ಮ ದ್ವೀಪಕ್ಕೆ ಆ ತಂತಿ ಬಾರದೆ ಉಳಿದಿರುವುದು ನಾನಿದ್ದೇನೆಂದು. ಮುಫ್ತಿಯವರ ಕಚೇರಿಯಲ್ಲೇ ಹಾಗೆ ಹೇಳಿದ್ದರು.

ನವೆಂಬರ್ ೧೨, ಮಂಗಳವಾರ

ಊರಿಗೆ ಊರೇ ಕಿವುಡಾಗಿದೆ. ಅಂಗಡಿಯವನು ಮತ್ತೆ ಮತ್ತೆ "ಏನು?" ಎಂದ. ಕೊನೆಗೆ ಬೆರಳು ತೋರಿಸಿ ಸಾಬೂನು ತಂದೆ.

ನಾಜಿಫೆ ಹೊಸ ಟೀ ಲೋಟಗಳನ್ನು ಕೊಂಡಿದ್ದಾಳೆ. ಲೋಟದ ಸೊಂಟ ತೀರ ಸಣ್ಣ, ಕೈಯಲ್ಲಿ ನಿಲ್ಲುವುದಿಲ್ಲ. ಎರಡು ಒಡೆದವು. "ಇದು ಹಳೇ ಲೋಟಾನೇ ವೆಹ್ಬಿ, ನಮ್ಮ ಮದುವೇದು," ಎಂದಳು. ಹೆಂಗಸರು ತಾವು ಕೊಂಡದ್ದನ್ನು ಮುಚ್ಚಿಡಲು ಏನು ಬೇಕಾದರೂ ಹೇಳುತ್ತಾರೆ.

ಮಸೀದಿಯ ಮುಂದಿನ ಮೆಟ್ಟಿಲುಗಳನ್ನು ಸಮ ಮಾಡಿಸಬೇಕು. ಅಮೃತಶಿಲೆ ಸವೆದು ಒಂದೊಂದು ಒಂದೊಂದು ಎತ್ತರಕ್ಕಿದೆ. ಗೋಡೆ ಹಿಡಿದು ಇಳಿದೆ. ಇಷ್ಟು ವರ್ಷ ಯಾರೂ ಬಿದ್ದಿಲ್ಲವೆಂಬುದೇ ಆಶ್ಚರ್ಯ.

ತಲೆನೋವು ಬೆಳಿಗ್ಗೆ. ಬಗ್ಗಿದರೆ ಹೆಚ್ಚು. ಗಾಳಿಯಿರಲಿಲ್ಲ. ಬರಲಿರುವ ಗಾಳಿಯದ್ದಿರಬೇಕು.

ನವೆಂಬರ್ ೧೬, ಶನಿವಾರ

ಹಿಲ್ಮಿ ಬೆಳಗಿನ ಜಾವ ತೀರಿಕೊಂಡ. ತಾಲಿಪ್ ಚೀಟಿ ಕಳಿಸಿದ್ದ: ರುಶ್ತುವಿನ ಅಣ್ಣ ಹಿಲ್ಮಿ, ದಫನ ನಾಳೆ ಮಧ್ಯಾಹ್ನ. ಸಾವು ಸಾರುವ ಸೆಲಾ ಹಾಡಿ, ಸತ್ತವರ ಹೆಸರು ಹೇಳಿ, ಮಿನಾರಿನಿಂದ ಊರಿಗೆ ತಿಳಿಸಿದೆ. ಮನೆಗೆ ಬಂದು ಚೀಸು, ಆಲಿವ್ ತಿನ್ನುತ್ತ ಕುಳಿತಿದ್ದೆ. ನಾಜಿಫೆ ಬೀದಿಯಿಂದ ಓಡಿ ಬಂದಳು.

"ಏನು ಹೇಳ್ದೆ ನೀನು?"

"ಏನು ಹೇಳ್ಬೇಕೋ ಅದನ್ನ."

"ರುಶ್ತು ಸತ್ತ ಅಂದೆ ವೆಹ್ಬಿ! ಬದುಕಿರೋ ಮನುಷ್ಯನ್ನ ಮಿನಾರಿನಿಂದ ಸಾಯಿಸ್ಬಿಟ್ಟೆ!"

ನಾನು ಹಾಗೆ ಹೇಳಿಲ್ಲ. ಚೀಟಿ ಇನ್ನೂ ಜೇಬಿನಲ್ಲಿದೆ, ಅದರಲ್ಲಿ ಎರಡೂ ಹೆಸರಿವೆ. ಕೇಳುವವರು ಮೊದಲ ಹೆಸರು ಹಿಡಿದು ಓಡಿದರೆ ತಪ್ಪು ನನ್ನದಲ್ಲ. ತಾಲಿಪ್ ಸತ್ತವನ ಹೆಸರನ್ನು ಮೊದಲು ಬರೆಯಬೇಕಿತ್ತು.

ಕಾಫಿಮನೆಗೆ ಹೋದೆ. ಒಳಗೆ ಅರ್ಧ ಊರು ಇತ್ತು. ಮೇಲಿನ ಹಳ್ಳಿಯಿಂದ ರುಶ್ತುವಿನ ಸೋದರತ್ತೆ ಅಳುತ್ತ ಬಂದು, ಬಾಗಿಲಲ್ಲಿ ಅವನನ್ನು ಕಂಡು, ಕೆನ್ನೆಗೆ ಬಾರಿಸಿ, ಆಮೇಲೆ ತಬ್ಬಿಕೊಂಡಳಂತೆ. ರುಶ್ತುವಿನ ಕಣ್ಣು ಕೆಂಪಗಿತ್ತು. ಟ್ರೇ ಹಿಡಿದು ನನ್ನ ಮುಂದೆ ನಿಂತ.

"ತಗೋ ಹೋಜಾ. ನನ್ನ ಸಾವಿನ ಟೀ. ನಾನೇ ಮಾಡಿದ್ದು, ನಾನೇ ಹಂಚ್ತಿದ್ದೀನಿ. ಪಾಪ ನನ್ನಣ್ಣ, ಬದುಕಿದ್ದಾಗ್ಲೂ ನನ್ನ ಹಿಂದೇನೇ ಇದ್ದ. ಸತ್ತ ದಿನಾನಾದ್ರೂ ಅವನ ಹೆಸರು ಕೂಗಬಾರ್ದಿತ್ತಾ?"

ಯಾರೂ ನಗಲಿಲ್ಲ. ಮೂಲೆಯಲ್ಲಿ ಯಾರೋ "ರಾಕಿ" ಎಂದದ್ದು ಕೇಳಿಸಿತು. ಕಾಫಿಮನೆಯಲ್ಲಿ ಮದ್ಯ ಮಾರುವುದಿಲ್ಲ. ಯಾಕೆ ಹೇಳಿದರೋ.

ನವೆಂಬರ್ ೧೭, ಭಾನುವಾರ

ಹಿಲ್ಮಿಯ ದಫನ. ತಾಲಿಪ್ ಪದ್ಧತಿಯಂತೆ ನೆರೆದವರನ್ನು ಕೇಳಿದ: "ಈ ಮನುಷ್ಯ ಎಂಥವನಾಗಿದ್ದ?" ಎಲ್ಲರೂ "ಒಳ್ಳೆಯವನು" ಎಂದರು. "ಇವನ ಮೇಲಿನ ನಿಮ್ಮ ಹಕ್ಕು, ಋಣ ಎಲ್ಲ ಬಿಟ್ಟುಕೊಟ್ಟಿರಾ?" "ಬಿಟ್ಟೆವು." ಆಗ ನನ್ನ ಮುಖ ನಕ್ಕಿತು.

ನಾನು ನಗಲಿಲ್ಲ. ಎದೆಯಲ್ಲಿ ನಗುವಿರಲಿಲ್ಲ. ಹಿಲ್ಮಿಯನ್ನು ನಾನು ಇಷ್ಟಪಡುತ್ತಿದ್ದೆ. ಆದರೂ ತುಟಿ ಎಳೆದುಕೊಂಡಿತು, ಗಂಟಲಿಂದ ಸದ್ದು ಬಂತು, ನಿಲ್ಲಿಸಲು ಆಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ. ಭುಜ ಅಲುಗುತ್ತಿತ್ತು. ದೂರದವರು ಅಳುತ್ತಿದ್ದೇನೆಂದು ತಿಳಿದಿರಬಹುದು. ಹತ್ತಿರದವರು ಹಾಗೆ ತಿಳಿಯಲಿಲ್ಲ.

ರುಶ್ತು ಮಣ್ಣು ಹಾಕಿ ಸಲಿಕೆಯನ್ನು ನನ್ನ ಕೈಗೆ ಕೊಡದೆ ನೆಲಕ್ಕೆ ಇಟ್ಟ.

ನಾಜಿಫೆ ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ. ಹಿಲ್ಮಿಗಾಗಿ ಇಷ್ಟು ಅಳುತ್ತಾಳೆಂದು ತಿಳಿದಿರಲಿಲ್ಲ.

ನವೆಂಬರ್ ೨೦, ಬುಧವಾರ

ತಾಲಿಪ್ ಮನೆಗೆ ಬಂದ. ಟೀ ಬೇಡವೆಂದ. ಮಂಡಿಯ ಮೇಲೆ ಕೈ ಇಟ್ಟುಕೊಂಡು ಹೆಣ್ಣು ಕೇಳಲು ಬಂದವನಂತೆ ಕುಳಿತ.

"ವೆಹ್ಬಿ ಅಣ್ಣ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ."

"ಮೈಕಿನಲ್ಲಿ ಹೇಳು, ಅಭ್ಯಾಸ ಆಗ್ಲಿ."

"ಊರವರು ದೂರು ಬರೆದಿದ್ದಾರೆ. ನಾನು ತಡೆದು ಇಟ್ಕೊಂಡಿದ್ದೀನಿ. ನೀನು ಕುಡೀತೀಯ ಅಂತ."

ನಾನು ಎದ್ದು ನಿಂತೆ. ಮೇಜು ಹಿಡಿದುಕೊಂಡೆ. ಅವನು ನನ್ನ ಕೈಯನ್ನೇ ನೋಡಿದ.

"ನೋಡು," ಎಂದ. "ನಡಿಗೆ ಹೀಗೆ. ಮಾತು ಹೀಗೆ. ದಫನದಲ್ಲಿ ಅದು. ನಾನು ನಂಬಲ್ಲ ಅಣ್ಣ. ಆದ್ರೆ ಅವರಿಗೆ ಏನು ಹೇಳಲಿ?"

"ನನ್ನ ಬಾಯಿ ಮೂಸಿ ನೋಡೋಕೆ ಹೇಳು. ಹುಣ್ಣಿನ ಔಷಧಿ ವಾಸನೆ ಬರತ್ತೆ. ಬೇಕಿದ್ರೆ ನೀನೇ ಮೂಸು. ಬಾ."

ಅವನು ತಲೆ ತಗ್ಗಿಸಿದ. ನಾಜಿಫೆ ಬಾಗಿಲಲ್ಲಿ ನಿಂತಿದ್ದಳು. "ತಾಲಿಪ್, ಇವನಿಗೆ ಕಾಯಿಲೆ ಕಣಪ್ಪ," ಎಂದಳು. ಪರರ ಎದುರು ಹಾಗೆ ಹೇಳಿದಳು.

"ಕಾಯಿಲೆ ಆದ್ರೆ ರಜೆ ತಗೋ ಅಣ್ಣ. ನಾನು ಹೇಗೋ ಕೂಗ್ತೀನಿ."

ಅಲ್ಲಿಗೆ ಬಂತು. ರಜೆ, ಆಮೇಲೆ ವೈದ್ಯರ ವರದಿ, ಆಮೇಲೆ ತಂತಿ. ಅವನನ್ನು ಹೊರಗೆ ಹಾಕಿದೆ.

ನವೆಂಬರ್ ೨೨, ಶುಕ್ರವಾರ

ಹಡಗು ಬಂತು. ಹೋಯಿತು. ಶುಕ್ರವಾರ ಬಿಟ್ಟು ಹೋಗುವುದು ಹೇಗೆ?

ಹೊಸ ಕನ್ನಡಕ ಬೇಕು. ಬಂದರಿನ ದೀಪ ಎರಡಾಗಿ ಕಾಣುತ್ತದೆ. ಒಂದು ಕಣ್ಣು ಮುಚ್ಚಿದರೆ ಸರಿಹೋಗುತ್ತದೆ.

ನವೆಂಬರ್ ೨೪, ಭಾನುವಾರ

ಲೋದೋಸ್. ತಲೆನೋವು. ವಾಂತಿ.

ನಾಜಿಫೆ ಡಾಕ್ಟರನ್ನು ಕರೆತಂದಳು. ನನ್ನನ್ನು ಕೇಳದೆ. ಡಾಕ್ಟರ್ ಮೂಗು ಮುಟ್ಟಿ ಎಂದಳು. ಮುಟ್ಟಿದೆ. ಗೆರೆಯ ಮೇಲೆ ನಡೆಯಿರಿ ಎಂದಳು. ನೆಲಗಂಬಳಿಯ ಅಂಚು ನೆಟ್ಟಗಿಲ್ಲ ಎಂದೆ. ಇಬ್ಬರೂ ಅಡುಗೆಮನೆಗೆ ಹೋಗಿ ಪಿಸುಗುಟ್ಟಿದರು. ಬೆನ್ನಿನಿಂದ ನೀರು ತೆಗೆಯುವುದು, ಮೆದುಳಿನ ಚಿತ್ರ, ದೊಡ್ಡ ಪ್ರಮಾಣದ ಸ್ಟೆರಾಯ್ಡು. ಎಲ್ಲ ಕೇಳಿಸಿತು. ನನ್ನ ಕಿವಿಗೆ ಏನೂ ಆಗಿಲ್ಲ.

"ಗಾಳಿ ನಿಂತ ತಕ್ಷಣ," ಎಂದಳು ಡಾಕ್ಟರ್. "ಈಗ ಹಿಡಿದ್ರೆ ಎಷ್ಟೋ ವಾಪಸ್ ಬರತ್ತೆ. ಬಿಟ್ರೆ ಹೋದದ್ದು ಹೋಯ್ತು. ಬಲವಂತ ಮಾಡೋಕೆ ನನ್ನಿಂದ ಆಗಲ್ಲ ಹೋಜಾ. ನೀವೇ ಬರ್ಬೇಕು."

ಅವಳು ಹೋದ ಮೇಲೆ ತಟ್ಟೆ ಬಿತ್ತು. ಬೀನ್ಸು, ಅನ್ನ, ಎಲ್ಲ ಗೋಡೆಗೆ. ನಾಜಿಫೆ ಒರೆಸಿದಳು. ಮೊದಲೆಲ್ಲ ತಿರುಗಿ ಬಯ್ಯುತ್ತಿದ್ದಳು. ಈಗ ಬಯ್ಯುವುದಿಲ್ಲ. ಅವಳು ಬದಲಾಗಿದ್ದಾಳೆ.

ನವೆಂಬರ್ ೨೬, ಮಂಗಳವಾರ

ರುಶ್ತು ಬಂದಿದ್ದ. ಹಿಲ್ಮಿಯ ಹೆಸರಿನಲ್ಲಿ ಹಂಚುವ ಹಲ್ವಾ ತಂದಿದ್ದ. ಅವನೇ ಬರುತ್ತಾನೆಂದು ಎಣಿಸಿರಲಿಲ್ಲ. ನನಗೆ ಬಾಯಿಹುಣ್ಣಿರುವುದರಿಂದ ಊದಿ ಆರಿಸಿಕೊಟ್ಟ.

"ನಾನು ಸತ್ತಿದ್ದೀನಿ, ಅದಕ್ಕೆ ಭಯ ಇಲ್ದೆ ಹೇಳ್ತೀನಿ," ಎಂದ. "ಕುಡಿದೆ ಅಂತ ಒಪ್ಕೊಂಡುಬಿಡು."

"ಜೀವಮಾನದಲ್ಲಿ ಮುಟ್ಟಿಲ್ಲ ಕಣೋ."

"ಗೊತ್ತು. ನಿನ್ನ ಮುಖ ನೋಡಿದ್ರೆ ವಿನೆಗರ್ ಕುಡಿದೋನ ಹಾಗಿರತ್ತೆ, ರಾಕಿ ಕುಡಿದೋನ ಹಾಗಲ್ಲ. ಆದ್ರೂ ಒಪ್ಕೋ. ಕುಡುಕ ಕುಡಿಯೋದು ಬಿಟ್ಟ ಅಂದ್ರೆ ಊರು ಹೆಗಲ ಮೇಲೆ ಹೊರತ್ತೆ. ಮೆದುಳಿನ ಕಾಯಿಲೆಯೋನು ಏನನ್ನ ಬಿಡ್ತಾನೆ? ಅವನನ್ನ ಊರೇ ಬಿಡತ್ತೆ."

"ನನ್ನ ಮೆದುಳಿಗೆ ಏನಾಗಿದೆ?"

ರುಶ್ತು ನನ್ನ ಕೈಯಲ್ಲಿದ್ದ ಚಮಚ ನೋಡಿದ. ಹಲ್ವಾ ಮಡಿಲಲ್ಲಿತ್ತು.

"ಏನಿಲ್ಲ," ಎಂದ. "ಗಾಳಿ."

ಅವನು ಹೋದ ಮೇಲೆ ಗಾಳಿಯೆಂಬ ಆ ಮಾತನ್ನು ಬಹಳ ಹೊತ್ತು ಯೋಚಿಸಿದೆ. ಈ ಊರಿನಲ್ಲಿ ಹಾಗೆ ಹೇಳುವವನು ನಾನು.

ನವೆಂಬರ್ ೨೭

ಬರೆಯುವುದು ಕಷ್ಟ. ಪೆನ್ನು ಸರಿಯಿಲ್ಲ.

ನವೆಂಬರ್ ೨೯, ಶುಕ್ರವಾರ

ಬೆಳಗಿನ ತಿಂಡಿಯ ಹೊತ್ತಿಗೆ ನಾಜಿಫೆ ಫೋನನ್ನು ಮೇಜಿನ ಮೇಲೆ ಇಟ್ಟಳು. "ಇದನ್ನ ಕೇಳು. ಹೇಗಿದೆ ಹೇಳು." ಯಾರೋ ಬಾಂಗು ಕೂಗುತ್ತಿದ್ದ. ಅವಳ ತಂಗಿ ಆಗಾಗ ಬೇರೆ ಬೇರೆ ಊರಿನ ಮುಅಜ್ಜಿನ್‌ಗಳನ್ನು ಕಳಿಸುತ್ತಾಳೆ. ನಾನು ತೀರ್ಪು ಹೇಳುವುದು ನಮ್ಮ ಮನೆಯ ಹಳೆಯ ಆಟ.

ಕೇಳಿದೆ. ಹೇಳಿದೆ: ಗಂಟಲಿನಿಂದ ಬರಬೇಕಾದ ಅಕ್ಷರಗಳೆಲ್ಲ ಹಲ್ಲಿನ ಹತ್ತಿರ ಕರಗುತ್ತಿವೆ. ನಾಲಿಗೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿದೆ. ಉಸಿರನ್ನು ತಪ್ಪಾದ ಕಡೆ ಕಡಿಯುತ್ತಾನೆ, ಅರ್ಥ ಮುರಿಯುತ್ತದೆ. ಎಳೆಯುವ ಕಡೆ ದನಿ ಮೆಟ್ಟಿಲು ತಪ್ಪಿದಂತೆ ಜಾರುತ್ತದೆ.

"ರಾಗ ಗೊತ್ತಿರೋನು," ಎಂದೆ. "ಒಳ್ಳೆ ಗುರು ಹತ್ರ ಕಲಿತಿದ್ದಾನೆ. ಆದ್ರೆ ಇವನಿಗೆ ಮೈಕು ಕೊಟ್ಟೋರು ಯಾರು? ಕುಡಿದಿದ್ದಾನಾ?"

ನಾಜಿಫೆ ಬ್ರೆಡ್ಡಿನ ಮೇಲೆ ಅಂಜೂರದ ಜಾಮು ಸವರುತ್ತಲೇ ಇದ್ದಳು, ಒಂದೇ ತುಂಡಿನ ಮೇಲೆ.

ಆಗ ಫೋನಿನಲ್ಲಿ ಆ ದನಿಯ ಹಿಂದೆ ನಾಯಿಯೊಂದು ಊಳಿಟ್ಟಿತು. ಮೊದಲು ತಗ್ಗಾಗಿ, ಆಮೇಲೆ ಏರಿ, ಕೊನೆಯಲ್ಲಿ ಎರಡು ಸಲ ಕೆಮ್ಮಿದಂತೆ.

ಪಾಷಾ.

ನಾನು ಫೋನ್ ಕಡೆ ನೋಡಿದೆ. ಅದು ಮುಗಿಯುವವರೆಗೂ ಕೂಗಿತು. ಯಾರೂ ನಿಲ್ಲಿಸಲಿಲ್ಲ.

"ಯಾವಾಗಿಂದು?"

"ನಿನ್ನೆ ಬೆಳಿಗ್ಗೆದು. ಅಡುಗೆಮನೆ ಕಿಟಕಿಯಿಂದ."

"ಇನ್ನೊಂದು ಸಲ ಹಾಕು."

"ಬೇಡ ವೆಹ್ಬಿ."

"ಹಾಕು."

ಹಾಕಿದಳು. ಎರಡನೆಯ ಸಲ ನನಗೆ ಅವನ ಮೇಲೆ ಕನಿಕರ ಹುಟ್ಟುತ್ತದೇನೋ ಎಂದು ಕಾದೆ. ಹುಟ್ಟಲಿಲ್ಲ. ಮೊದಲು ಹೇಳಿದ ತೀರ್ಪಿನಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವಂತಿರಲಿಲ್ಲ. ಸತ್ತ ಹಿಲ್ಮಿಯ ಹೆಸರನ್ನು ಇವನೇ ನುಂಗಿದ್ದ. ಮೌಲಿದ್ ಓದಿದವನೂ ಇವನೇ. ಮೇಲಂತಸ್ತಿನ ಹೆಂಗಸರು ಯಾಕೆ ಅತ್ತರೆಂದು ಈಗ ಕೇಳಬಾರದು.

"ಹೇಳು," ಎಂದಳು ನಾಜಿಫೆ. "ನಿನ್ನ ಶಿಷ್ಯ ಆಗಿದ್ರೆ ಇವನಿಗೆ ಏನು ಹೇಳ್ತಿದ್ದೆ?"

ಎದ್ದು ಮಸೀದಿಗೆ ಹೋದೆ. ಶುಕ್ರವಾರದ ಬಾಂಗು ನಾನೇ ಕೂಗಿದೆ. ಕೂಗುವಾಗ ನನ್ನನ್ನು ನಾನು ಕೇಳಿಸಿಕೊಳ್ಳಲು ನೋಡಿದೆ. ಒಳಗಿನಿಂದ ಎಲ್ಲವೂ ಸರಿಯಾಗಿಯೇ ಇತ್ತು. ಪ್ರತಿ ಅಕ್ಷರವೂ ಅದರ ಜಾಗದಲ್ಲಿ. ಇದಕ್ಕಿಂತ ದೊಡ್ಡ ಮೋಸ ಕಾಯಿಲೆ ನನಗೆ ಮಾಡಿಲ್ಲ.

ನವೆಂಬರ್ ೩೦, ಶನಿವಾರ

ಗಾಳಿಯಿಲ್ಲ. ಕಡಲು ಎಣ್ಣೆಯಂತಿದೆ. ಸೋಮವಾರದಿಂದ ಮತ್ತೆ ಲೋದೋಸ್, ಈ ಸಲ ವಾರವಿಡೀ ಎಂದು ಬಂದರಿನವರು ಹೇಳುತ್ತಿದ್ದಾರೆ. ಗಾಳಿಗೆ ಮೊದಲು ಉಳಿದಿರುವುದು ನಾಳೆ ಬೆಳಗಿನ ಹಡಗು ಒಂದೇ.

ತಲೆ ನೋಯುತ್ತಿದೆ. ಎಲೆಯೂ ಅಲುಗುತ್ತಿಲ್ಲ, ಆದರೂ ನೋಯುತ್ತಿದೆ. ಇದನ್ನು ಬರೆದಿಡಿ ಎಂದು ಡಾಕ್ಟರ್ ಹೇಳಿದ್ದರು.

ಬಾಗಿಲ ಹಿಂದೆ ನೋಡಿದೆ. ಮೌಲಿದ್ ದಿನ ತುಂಬಿದ ಚೀಲ ಹಾಗೆಯೇ ಇದೆ. ನಾಜಿಫೆ ಅದನ್ನು ಬಿಚ್ಚಿಯೇ ಇಲ್ಲ. ಇಷ್ಟು ದಿನ ಅದರ ಪಕ್ಕದಲ್ಲೇ ಬೂಟು ಹಾಕಿಕೊಂಡು ಹೋಗಿದ್ದೇನೆ. ನನ್ನ ಎರಡು ಪೈಜಾಮಗಳು ಎಲ್ಲಿ ಹೋದವೆಂದು ಅವಳಿಗೆ ಬಯ್ದದ್ದೂ ಉಂಟು.

ಬುರ್ಸಾದಲ್ಲಿ ಬೆನ್ನಿಗೆ ಸೂಜಿ ಹಾಕುತ್ತಾರೆ. ಮರುದಿನ ಅಲ್ಲೂ ಗುಳ್ಳೆ ಏಳುತ್ತದೆ. ಏಳಲಿ. ಎಷ್ಟು ವಾಪಸ್ ಬರುತ್ತದೆಂದು ಕೇಳಿದರೆ ಹೇಳಲಾರರು. ಬರದಿದ್ದರೆ ತಂತಿ ಬರುತ್ತದೆ, ದ್ವೀಪದವರು ಒಂದು ವಾರ ಗೊಣಗಿ ಒಗ್ಗಿಕೊಳ್ಳುತ್ತಾರೆ. ರುಶ್ತು ಮಾತ್ರ ಕಾಫಿಮನೆಯಲ್ಲಿ ನನ್ನ ಕಥೆ ಹೇಳುತ್ತಾನೆ: ನನ್ನನ್ನ ಸಾಯಿಸಿದೋನು. ಕುಡಿದೆನೆಂದು ಒಪ್ಪಿಕೊಳ್ಳುವುದಿಲ್ಲ. ಕಾಯಿಲೆಯೆಂದು ಮನೆಮನೆಗೆ ಹೋಗಿ ಹೇಳುವುದೂ ಇಲ್ಲ. ಅವರಿಗೆ ಬೇಕಾದದ್ದನ್ನು ನಂಬಲಿ. ರುಶ್ತುವಿಗೆ ಒಂದು ಮಾತು ಹೇಳಬೇಕು, ಹಿಲ್ಮಿಯ ಹೆಸರನ್ನು ಸ್ಪಷ್ಟವಾಗಿ ಹೇಳಲು ಬಂದ ದಿನ.

ನಾಳೆ ಹೋಗುತ್ತೇನೆಂದು ನಾಜಿಫೆಗೆ ಇನ್ನೂ ತಿಳಿಸಿಲ್ಲ. ಅವಳು ಹೊರಗೆ ಬಟ್ಟೆ ಒಣಹಾಕುತ್ತಿದ್ದಾಳೆ. ಇದನ್ನು ಬರೆದು ಮುಗಿಸಿ ಹೇಳುತ್ತೇನೆ.

ನಾಳೆ ಬೆಳಗಿನ ಬಾಂಗಿಗೆ ಮೊದಲು ಮೈಕಿನ ಕೋಣೆಯ ಬೀಗದ ಕೈಯನ್ನು ತಾಲಿಪ್‌ಗೆ ಕೊಡುತ್ತೇನೆ. ಅವನು ಕೂಗಲಿ. ನಾನು ಗೋಡೆ ಹಿಡಿದು ಬೇಕರಿಯವರೆಗೆ ನಡೆದು, ಪಾಷಾನ ಪಕ್ಕ ನಿಂತು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಹಡಗು. ತಾಲಿಪ್‌ನ ದನಿಗೆ ಆ ನಾಯಿ ಎಂದಿನಂತೆ ಮಲಗಿಯೇ ಇದ್ದರೆ ನನಗೆ ಸಾಕು.